ಬಾದಾಮಿ ಹಿಟ್ಟು ಮತ್ತು ಬಾಜೂ ಮನೆಯ ಎಮ್ಮೆ

ಬಾದಾಮಿ ಹಿಟ್ಟು ಒಂದು ಮನೆಗೆ ಬಂದರೆ ಅದರ ಹಿಂದೆ ಏನೇನು ನಡೆಯುತ್ತದೆ ಎಂಬುದನ್ನು ಪೊಟ್ಟಣದ ಮೇಲೆ ಎಲ್ಲಿಯೂ ಬರೆದಿರುವುದಿಲ್ಲ. ನಾನು ಎರಡೂ ಬದಿ ಓದಿ ನೋಡಿದ್ದೇನೆ. ನಮ್ಮ ಮನೆಯಲ್ಲಿ ವಾರಕ್ಕೊಂದಾದರೂ ನಡೆಯುತ್ತಲೇ ಇತ್ತು. ಕೆಲವನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ನಾನು ಬೈಲಹೊಂಗಲದಲ್ಲಿ ಅವ್ವನ ಜೊತೆ ಇರುತ್ತೇನೆ. ಸವದತ್ತಿ ರಸ್ತೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹೋದ ವರ್ಷ ನನ್ನ ಅಕ್ಕ ತೀರಿಕೊಂಡಳು. ಅವಳ ಮಗಳು ನಮ್ಮ ಮನೆಗೆ ಬಂದಳು. ಭಾವನವರಿಗೆ ನವಿಲುತೀರ್ಥದ ಡ್ಯಾಮಿನಲ್ಲಿ ಗೇಟಿನ ಕೆಲಸ, ಡ್ಯೂಟಿಗೆ ಹೊತ್ತು ಗೊತ್ತಿಲ್ಲ. ರವಿವಾರ ಬಂದು ಮಗಳನ್ನು ನೋಡಿ ಹೋಗುತ್ತಾರೆ. ಹುಡುಗಿಗೆ ಆಗ ಒಂಬತ್ತು ವರ್ಷ. ನನ್ನನ್ನು ಚಿಗವ್ವ ಅನ್ನುತ್ತಾಳೆ, ಅವ್ವನನ್ನು ಆಯಿ ಅನ್ನುತ್ತಾಳೆ.

ಬಂದಾಗಿನಿಂದ ಅವಳಿಗೆ ಮೇಲಿಂದ ಮೇಲೆ ಹೊಟ್ಟೆನೋವು. ತಾಯಿಯ ನೆನಪು ಎಂದು ಎಲ್ಲರೂ ಅಂದರು. ನಾನೂ ಹಾಗೇ ತಿಳಿದುಕೊಂಡಿದ್ದೆ. ಹುಬ್ಬಳ್ಳಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇನ್ನೂ ಒಂದೆರಡು ಪರೀಕ್ಷೆ ಮಾಡಿಸಿ, ಗೋಧಿ ಅಂದರು.

ರೊಟ್ಟಿ ಮಂದಿ

ಗೋಧಿ ಈ ಹುಡುಗಿಯ ಮೈಗೆ ಆಗುವುದಿಲ್ಲ, ಒಂದು ಚೂರೂ ಕೂಡದು ಎಂದು ಡಾಕ್ಟರು ಹೇಳಿದಾಗ ಅವ್ವ ನಿರಾಳವಾಗಿ ಉಸಿರು ಬಿಟ್ಟಳು.

"ಇಷ್ಟ ಹೌದಲ್ರಿ? ನಾವು ರೊಟ್ಟಿ ಮಂದಿ. ಮನ್ಯಾಗ ಜ್ವಾಳ ಇರೂತನಕ ನಮಗೇನ ಚಿಂತಿ. ಗೋದಿ ಇವತ್ತಿಂದ ಬಂದ್."

"ರವೆ ಕೂಡ ಬೇಡ" ಅಂದರು ಡಾಕ್ಟರು.

"ರವಾ ಎಲ್ಲೈತ್ರಿ ಗೋದಿ? ರವಾ ಅಂದ್ರ ರವಾ."

"ರವೆ ಗೋಧಿಯಿಂದಲೇ ಆಗೋದು, ಅಮ್ಮ."

"ಹಂಗಾದ್ರ ಶ್ಯಾವಿಗಿ?"

"ಅದೂ ಗೋಧಿಯೇ."

"ಮೈದಾ? ಮೈದಾ ಬೆಳ್ಳಗಿರತೈತಲ್ರಿ."

ಡಾಕ್ಟರು ತಲೆ ಅಲ್ಲಾಡಿಸಿದರು. ಅವ್ವ ಬೆರಳು ಮಡಚುತ್ತ ಹೋಳಿಗೆ, ಕರಿಗಡಬು, ಟೋಸ್ಟು, ಬಿಸ್ಕಿಟು ಎಂದು ಒಂದೊಂದಾಗಿ ಕೇಳಿದಳು. ಡಾಕ್ಟರ ತಲೆ ಅಲ್ಲಾಡುತ್ತಲೇ ಇತ್ತು. ನಾನು ನೋಟುಬುಕ್ಕಿನಲ್ಲಿ ಅಂಕಿ ಹಾಕಿ ಬರೆದುಕೊಳ್ಳುತ್ತಿದ್ದೆ. ಹನ್ನೊಂದನೆಯದಕ್ಕೆ ಅವ್ವ ನಿಲ್ಲಿಸಿದಳು.

"ಸಾಹೇಬ್ರ, ನೀವು ಬರೇ ಗೋದಿ ಬಿಡಿಸಿಲ್ರಿ. ಉಗಾದಿಯಿಂದ ಶಿವರಾತ್ರಿತನಕ ಎಲ್ಲಾ ಹಬ್ಬಾನೂ ಬಿಡಿಸಿದ್ರಿ."

ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ. "ಹುಟ್ಟಿದ ಹಬ್ಬದ ಕೇಕು?"

ಅಕ್ಕ ಪ್ರತಿ ವರ್ಷ ಮಗಳ ಹುಟ್ಟಿದ ಹಬ್ಬಕ್ಕೆ ನಮ್ಮ ಮನೆಗೇ ಬಂದು, ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯಿಂದ ಕೇಕು ತರುತ್ತಿದ್ದಳು. ಓಣಿಯ ಮಕ್ಕಳೆಲ್ಲ ಬಂದು ತಿಂದು ಹೋಗುತ್ತಿದ್ದರು. ಡಾಕ್ಟರಿಗೆ ಇದೆಲ್ಲ ಗೊತ್ತಿಲ್ಲ, ಆದರೆ ಅವರು ತಲೆ ಅಲ್ಲಾಡಿಸುವುದನ್ನು ನಿಲ್ಲಿಸಿ, ಪಕ್ಕದ ಕೋಣೆಯಲ್ಲಿ ಕೂರುವ ಆಹಾರದ ಸಲಹೆಗಾರ್ತಿಯ ಕಡೆಗೆ ಕಳಿಸಿದರು. ಆಕೆ ಇನ್ನೂ ಹುಡುಗಿಯಂಥವಳು. "ಬಾದಾಮಿ ಹಿಟ್ಟು ಬಳಸ್ರಿ. ಕೇಕು, ಬಿಸ್ಕಿಟು, ಹೋಳಿಗಿ ಏನ ಬೇಕಾದ್ದು ಮಾಡಬಹುದು" ಅಂದಳು.

"ನೋಡೋಣು, ಹುಟ್ಟಿದ ಹಬ್ಬಕ್ಕ ಇನ್ನೂ ಐದು ತಿಂಗಳೈತಿ" ಎಂದು ನಾನು ಹುಡುಗಿಗೆ ಮಾತು ಕೊಟ್ಟೆ.

ಅವ್ವ ಮೆಟ್ಟಿಲು ಇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಬದಾಮಿ ಬೀಸಿಸಾಕ ಗಿರಣಿಗೆ ಒಯ್ಯೂದೋ, ಬಂಗಾರದ ಅಂಗಡಿಗೆ ಒಯ್ಯೂದೋ?"

ಎಣ್ಣೆ ಸ್ನಾನ

ಗಿರಣಿಗೇ ಒಯ್ದಳು. ನಾನು ಸಾಲೆಯಲ್ಲಿದ್ದೆ. ಮನೆಯಲ್ಲಿ ಮಿಕ್ಸರ್ ಇದೆ ಎಂದು ನಾನು ಹೇಳಬೇಕಾಗಿತ್ತು, ಹೇಳಿರಲಿಲ್ಲ. ಹಿಟ್ಟು ಅಂದರೆ ಗಿರಣಿ ಎಂಬುದು ಅವ್ವನ ಲೆಕ್ಕ.

ಸಂಜೆ ಬಸ್ಸಿಳಿದು ಬರುವಾಗ ಗಿರಣಿಯ ಮುಂದೆ ಹತ್ತು ಹನ್ನೆರಡು ಡಬ್ಬಿಗಳ ಸಾಲು ನಿಂತಿತ್ತು, ಗಿರಣಿ ಮಾತ್ರ ನಿಂತುಬಿಟ್ಟಿತ್ತು. ಮಾಲೀಕರು ಮೇಲಿನ ಕಲ್ಲು ಎತ್ತಿ ಗೋಡೆಗೆ ಆನಿಸಿ, ಚಾಕುವಿನಿಂದ ಏನನ್ನೋ ಕೆರೆಯುತ್ತಿದ್ದರು. ಕೆರೆದದ್ದು ಬೆಣ್ಣೆಯ ಹಾಗೆ ಇತ್ತು.

"ಬರ್ರಿ ಟೀಚರ್. ನಿಮ್ಮವ್ವ ನನ್ನ ಗಿರಣಿಗೆ ಎಣ್ಣಿ ಸ್ನಾನ ಮಾಡಿಸ್ಯಾರ. ನಾ ಬ್ಯಾಡ ಅಂದೆ. ನಮ್ಮ ಮೊಮ್ಮಗಳಿಗೆ ಡಾಕ್ಟರು ಹೇಳ್ಯಾರ ಅಂದ್ರು. ಡಾಕ್ಟರು ಹೇಳಿದ ಮ್ಯಾಲ ನಾ ಏನ ಮಾಡ್ಲಿ?"

ನಾನು ತಪ್ಪಾಯಿತು ಎಂದು ಹೇಳಿ, ಸುಮ್ಮನೆ ಹೋಗಲಾಗದೆ ಕೆರೆಯಲು ಕುಳಿತೆ. ಕಲ್ಲಿನ ಸಂದಿಯಲ್ಲಿ ಬಾದಾಮಿಯ ಕೆಳಗೆ ಇನ್ನೊಂದು ಹಿಟ್ಟು ಕಂಡಿತು. ಗೋಧಿ.

"ನಮ್ಮ ಜ್ವಾಳ ಹಾಕೂಕಿಂತ ಮದಲ ಏನ ಹಾಕತೀರಿ?" ಎಂದು ಕೇಳಿದೆ.

"ಯಾರು ಮುಂದ ಬಂದಿರತಾರೋ ಅವರದು."

"ಅವರ ಹಿಟ್ಟು ಒಳಗ ಉಳೀತೈತೇನ್ರಿ?"

"ಒಂದು ಬೊಗಸಿ ಉಳದ ಉಳೀತೈತಿ. ಮುಂದಿನವರದು ನಿಮಗ, ನಿಮ್ಮದು ಹಿಂದಿನವರಿಗೆ. ಈ ಓಣಿ ಮಂದಿ ಇಪ್ಪತ್ತು ವರ್ಷದಿಂದ ಒಂದ ಹಿಟ್ಟು ತಿನ್ನಾಕ ಹತ್ಯಾರ, ಯಾರಿಗೂ ಗೊತ್ತಿಲ್ಲ ಅಷ್ಟ."

ಗೋಧಿ ಬಿಟ್ಟು ಮೂರು ವಾರವಾದರೂ ಹುಡುಗಿಯ ಹೊಟ್ಟೆನೋವು ಏಕೆ ನಿಂತಿಲ್ಲ ಎಂಬುದು ನನಗೆ ಅಲ್ಲಿ, ಆ ಕಲ್ಲಿನ ಮುಂದೆ, ತಿಳಿಯಿತು. ಅವಳ ರೊಟ್ಟಿಯೊಳಗೇ ಗೋಧಿ ಇತ್ತು. ನಾನು ಮಾಲೀಕರಿಗೆ ವಿಷಯ ಬಿಡಿಸಿ ಹೇಳಿದೆ. ಅವರು ಚಾಕು ಕೆಳಗಿಟ್ಟರು. "ಸೋಮವಾರ ಮುಂಜಾನೆ ಮಷೀನ್ ಬಿಚ್ಚಿ ಒರಸಿ ಚಾಲೂ ಮಾಡತೇನಿ. ಮದಲನೇ ಬೀಸು ನಿಮ್ಮದು. ಆ ಹುಡುಗಿ ಡಬ್ಬಿ ಮುಂದ ಯಾರ ಡಬ್ಬೀನೂ ಬರೂದಿಲ್ಲ" ಅಂದರು. ಇವತ್ತಿಗೂ ಹಾಗೇ ನಡೆದಿದೆ. ಒಂದು ತಿಂಗಳಲ್ಲಿ ಹೊಟ್ಟೆನೋವು ಹೋಯಿತು.

ಆದರೆ ಆ ದಿನ ಎಷ್ಟು ಕೆರೆದರೂ ಕಲ್ಲಿನಲ್ಲಿ ಬಾದಾಮಿ ಒಂದಿಷ್ಟು ಉಳಿದೇ ಉಳಿಯಿತು. ನಮ್ಮ ಹಿಂದೆ ಸಾಲಿನಲ್ಲಿದ್ದವರೆಲ್ಲ ಅದನ್ನು ಪಾಲು ಹಂಚಿಕೊಂಡು ಹೋದರು. ಮರುದಿನದಿಂದ ಒಬ್ಬೊಬ್ಬರೇ ಅವ್ವನನ್ನು ಬಾಗಿಲಲ್ಲಿ ಕಂಡು ಕೇಳತೊಡಗಿದರು. "ಅವ್ವಾರ, ಮತ್ತ ಯಾವಾಗ ಗಿರಣಿಗೆ ಹೊಂಟೀರಿ? ಒಂದ ಮಾತು ಹೇಳ್ರಿ, ನಿಮ್ಮ ಹಿಂದ ನಿಂದರತೇವಿ."

ಹಿಂಡಿ

ಆಮೇಲೆ ನಾನು ಬೇರೆ ದಾರಿ ಹಿಡಿದೆ. ಬಾದಾಮಿ ನೆನೆಸಿ, ಸಿಪ್ಪೆ ಸುಲಿದು, ನೀರು ಹಾಕಿ ಮಿಕ್ಸರಿನಲ್ಲಿ ತಿರುವಿ, ತೆಳು ಅರಿವೆಯಲ್ಲಿ ಹಿಂಡಿದರೆ ಹಾಲು ಬರುತ್ತದೆ. ಅರಿವೆಯಲ್ಲಿ ಉಳಿಯುವ ಗಷ್ಟನ್ನು ಒಣಗಿಸಿ ಪುಡಿ ಮಾಡಿದರೆ ಅದೇ ಹಿಟ್ಟು. ಒಂದು ಕೆಲಸದಲ್ಲಿ ಎರಡು ವಸ್ತು. ಅವ್ವನಿಗೂ ಇದು ಒಪ್ಪಿಗೆಯಾಯಿತು. ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಬಿಳಿ ಧೋತರದ ತುಂಡು ಹಾಸಿ ಅದನ್ನು ಹರವಿ, ಕಾಗೆ ಅಟ್ಟಲು ಕೋಲು ಹಿಡಿದು ಕುಳಿತಳು.

ನಮ್ಮ ಬಾಜೂ ಮನೆಯ ಅಕ್ಕನಿಗೆ ಒಂದು ಎಮ್ಮೆ ಇದೆ. ಅವರ ಮಾಳಿಗೆಯೂ ನಮ್ಮ ಮಾಳಿಗೆಯೂ ಕೂಡಿಕೊಂಡಿವೆ, ನಡುವೆ ಮೊಣಕಾಲೆತ್ತರದ ಗೋಡೆ.

"ಏನ ಒಣಾ ಹಾಕೀರಿ ಅವ್ವಾರ?" ಎಂದು ಆಕೆ ಕೇಳಿದಳು.

ಬಾದಾಮಿ ಅಂದರೆ ದೃಷ್ಟಿಯಾಗುತ್ತದೆ ಎಂದು ಅವ್ವನಿಗೆ ಅಂಜಿಕೆ. "ಏನಿಲ್ಲ ಬಿಡ. ಹಿಂಡಿ ಉಳದದ್ದು" ಅಂದಳು.

ಇದು ಸುಳ್ಳಲ್ಲ. ಹಿಂಡಿ ಉಳಿದದ್ದೇ ಅದು. ಆದರೆ ದನ ಕಟ್ಟಿದವರಿಗೆ ಗಾಣದಲ್ಲಿ ಎಣ್ಣೆ ತೆಗೆದು ಉಳಿಯುವುದೊಂದೇ ಹಿಂಡಿ, ಮತ್ತು ಅದು ಇರುವುದು ಎಮ್ಮೆಗೆ. ದನವಿಲ್ಲದ ಮನೆಯವರು ಹಿಂಡಿ ಒಣಗಿಸುತ್ತಿದ್ದಾರೆ ಎಂದರೆ ಯಾರಿಗಾಗಿ ಎಂದು ಆಕೆ ಯೋಚಿಸಿರಬೇಕು. ತನಗಾಗಿಯೇ ಎಂದು ತಿಳಿದಳು. ಅವ್ವ ಊಟಕ್ಕೆ ಇಳಿದಾಗ ಗೋಡೆ ದಾಟಿ ಬಂದು, ಧೋತರದ ನಾಲ್ಕೂ ಚುಂಗು ಹಿಡಿದು ಎತ್ತಿಕೊಂಡು ಹೋದಳು.

ನಾವು ಕಾಗೆಯನ್ನೂ ಅಳಿಲನ್ನೂ ಬೈದೆವು. ಧೋತರ ಸಮೇತ ಒಯ್ಯುವ ಅಳಿಲು ಇರಲಾರದು ಎಂದು ನಾನು ಹೇಳಿದ್ದು ಅವ್ವನಿಗೆ ಸೇರಲಿಲ್ಲ.

ಮರುದಿನ ಮುಂಜಾನೆ ಬಾಜೂ ಅಕ್ಕ ಬಂದಳು. ಕೈಯಲ್ಲಿ ಒಗೆದು ಮಡಚಿದ ಧೋತರ, ಅದರ ಮೇಲೆ ಒಂದು ತಂಬಿಗೆ ಹಾಲು.

"ಅವ್ವಾರ, ಎಂಥಾ ಹಿಂಡಿ ಕೊಟ್ರಿ. ಎಮ್ಮಿ ಬುಟ್ಟಿ ನೆಕ್ಕಿ ನೆಕ್ಕಿ ತಿಂತು. ಕೆನಿ ನೋಡ್ರಿ, ಬಟ್ಟು ಊರಿದ್ರ ಮುಣಗೂದಿಲ್ಲ. ಯಾವ ಅಂಗಡ್ಯಾಗ ತಂದ್ರಿ?"

ಅವ್ವ ತಂಬಿಗೆ ತೆಗೆದುಕೊಂಡಳು. ಬಹಳ ಹೊತ್ತು ಹಾಲನ್ನೇ ನೋಡಿದಳು. ಒಂದು ಕಿಲೋ ಬಾದಾಮಿ ಯಾವ ದಾರಿಯಿಂದ ಮರಳಿ ಮನೆಗೆ ಬಂತು ಎಂದು ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ.

"ಅಂಗಡಿ ಮುಚ್ಚೈತಿ" ಅಂದಳು.

ಎಮ್ಮೆ ಮುಂದೆ ಮೂರು ದಿನ ಶೇಂಗಾ ಹಿಂಡಿ ಮುಟ್ಟಲಿಲ್ಲ. ದಿನಕ್ಕೆ ಎರಡು ಸಲ ನಮ್ಮ ಬಾಗಿಲಿನ ಕಡೆ ಮುಖ ಮಾಡಿ ಒದರುತ್ತಿತ್ತು.

ಹೆಡ್‌ಮಾಸ್ತರರ ಚಹಾ

ಹಿಟ್ಟಿನ ಚಿಂತೆ ಹೀಗಾದರೆ ಹಾಲಿನ ಚಿಂತೆ ಇನ್ನೊಂದು. ನಮ್ಮ ಹುಡುಗಿಗೆ ಎಮ್ಮೆ ಹಾಲು ಆಗುತ್ತದೆ. ಬಾದಾಮಿ ಹಾಲು ಅವಳಿಗೆ ಬೇಕಿಲ್ಲ. ಚೆಲ್ಲಲು ಅವ್ವ ಬಿಡುವುದಿಲ್ಲ. ನಾನು ಒಂದು ಬಾಟಲಿಯಲ್ಲಿ ತುಂಬಿ ಸಾಲೆಗೆ ಒಯ್ದೆ.

ನಮ್ಮ ಹೆಡ್‌ಮಾಸ್ತರರು ಕಿತ್ತೂರಿನಿಂದ ದಿನಾಲು ಬಸ್ಸಿನಲ್ಲಿ ಬರುತ್ತಾರೆ. ಹಾಲು ಕುಡಿದರೆ ಅವರಿಗೆ ಹೊಟ್ಟೆ ಉಬ್ಬುತ್ತದೆ, ಕರಿ ಚಹಾ ಸೇರುವುದಿಲ್ಲ. ಬಾದಾಮಿ ಹಾಲು ಎಂದು ಕೇಳಿದ ಕೂಡಲೆ ಅವರ ಮುಖ ಅರಳಿತು.

"ಟೀಚರ್, ನೀವು ಇಷ್ಟು ದಿವ್ಸ ಎಲ್ಲಿ ಮುಚ್ಚಿಟ್ಟಿದ್ರಿ ಇದನ್ನ? ಅಕ್ಕಾರ, ಇವತ್ತ ಎಲ್ಲಾರಿಗೂ ಇದರಾಗ ಚಾ ಆಗ್ಲಿ."

ಸಾಲೆಯ ಅಡುಗೆಯ ಅಕ್ಕ ಹಸಿಶುಂಠಿ ಜಜ್ಜಿ, ಪುಡಿ ಹಾಕಿ ಕಡಕ್ಕಾಗಿ ಕುದಿಸಿ, ಕುದಿಯುವುದರೊಳಗೇ ಬಾದಾಮಿ ಹಾಲು ಸುರಿದಳು. ಅದು ತಕ್ಷಣ ಒಡೆಯಿತು. ಕೆಳಗೆ ಕೆಂಪು ನೀರು, ಮೇಲೆ ಹಿಟ್ಟು ಹಿಟ್ಟಾದ ಬಿಳಿ ಚೂರುಗಳು. ಬೇರೆ ಮಾಡೋಣ ಎನ್ನುವಷ್ಟರಲ್ಲಿ ತಾಲೂಕಿನ ಕಚೇರಿಯಿಂದ ಸಾಲೆ ತಪಾಸಣೆಗೆ ಒಬ್ಬ ಸಾಹೇಬರು ಬಂದು ಕುಳಿತರು. ಕಪ್ಪುಗಳೂ ಬಂದುಬಿಟ್ಟವು.

ಹೆಡ್‌ಮಾಸ್ತರರು ಧೈರ್ಯ ಮಾಡಿ ಮೊದಲ ಗುಟುಕು ಕುಡಿದರು. "ಸ್ಪೆಷಲ್ ಐತ್ರಿ ಸಾಹೇಬ್ರ" ಅಂದರು.

ಸಾಹೇಬರು ಒಳ್ಳೆಯ ಮನುಷ್ಯರು. ಒಂದು ಮಾತೂ ಆಡದೆ ಪೂರ್ತಿ ಕಪ್ಪು ಕುಡಿದರು. ಮುಖ ಒರೆಸಿಕೊಂಡು, ಹೆಡ್‌ಮಾಸ್ತರರ ಕಡೆಗೆ ಬಾಗಿ ಕಳಕಳಿಯಿಂದ ಕೇಳಿದರು.

"ನಮ್ಮ ಮನ್ಯಾಗೂ ಈ ಕಷಾಯ ಮಾಡತಾರ್ರಿ ಸರ. ನಿಮಗ ಕೆಮ್ಮು ಎಷ್ಟು ದಿವ್ಸದಿಂದ ಐತಿ?"

ರಾಮದುರ್ಗದ ಪಂಕ್ತಿ

ರಾಮದುರ್ಗದಲ್ಲಿ ನಮ್ಮ ಸಂಬಂಧಿಕರ ಮನೆಯ ಮದುವೆ ಇತ್ತು. ಮದುವೆಯೂಟ ಅಂದರೆ ಹೋಳಿಗೆ. ನಮ್ಮ ಕಡೆಯ ಬಡಿಸುವವರು ಬೇಡ ಅಂದರೆ ಕೇಳುವವರಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಹೋಳಿಗೆ ಇಟ್ಟು ತುಪ್ಪ ಸುರಿಯುತ್ತಾರೆ. ಹುಡುಗಿಯನ್ನು ಇದರಿಂದ ಕಾಯುವುದು ಹೇಗೆ ಎಂದು ಎರಡು ದಿನ ಯೋಚನೆ ಮಾಡಿದೆವು.

ಅವ್ವ ಬಾದಾಮಿ ಹಿಟ್ಟಿಗೆ ಅಕ್ಕಿ ಹಿಟ್ಟು ಕೂಡಿಸಿ ಕಣಕ ಕಲಸಿದಳು. ಅದು ಹಿಗ್ಗಲಿಲ್ಲ. ಎಳೆದರೆ ಹರಿಯಿತು, ಬಿಟ್ಟರೆ ಬಿರಿಯಿತು. ಕೊನೆಗೆ ಬಾಳೆ ಎಲೆಯ ಮೇಲೆ ತಟ್ಟಿ, ಎಲೆಯ ಸಮೇತ ಹಂಚಿಗೆ ಹಾಕಿ ಮೂರು ಹೋಳಿಗೆ ಎತ್ತಿದಳು. ಬಾದಾಮಿಯಾದ್ದರಿಂದ ಬಂಗಾರದ ಬಣ್ಣ ಬಂದಿತ್ತು. ಡಬ್ಬಿಯಲ್ಲಿ ಹಾಕಿಕೊಂಡು ಹೋದೆವು.

ಪಂಕ್ತಿಯಲ್ಲಿ ಕುಳಿತ ಹುಡುಗಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತೆಗೆಯಲು ನಾಚುತ್ತಿದ್ದಳು. ಬಡಿಸುವವನು ಬಂದ. ನಾನು ಬೇಡ ಅಂದೆ, ಅವ್ವ ಬೇಡ ಅಂದಳು. ಅವನು ಕೇಳಲೇ ಇಲ್ಲ. ಆಗ ಹುಡುಗಿ ಡಬ್ಬಿ ತೆಗೆದು ತನ್ನ ಹೋಳಿಗೆಯನ್ನು ತಾನೇ ಎಲೆಗೆ ಹಾಕಿಕೊಂಡು, "ಬ್ಯಾಡ್ರಿ ಕಾಕಾ. ನನಗ ಔಷಧ ಐತಿ" ಅಂದಳು.

ಬಡಿಸುವವನು ಬುಟ್ಟಿ ಹಿಡಿದು ನಿಂತೇಬಿಟ್ಟ. ಎದುರು ಸಾಲಿನಲ್ಲಿ ಪಟಗ ಸುತ್ತಿಕೊಂಡ ಅಜ್ಜ ಒಬ್ಬರು ಕುಳಿತಿದ್ದರು. ಅವರು ಅವಳ ಎಲೆಯ ಮೇಲಿನ ಬಂಗಾರದ ಬಣ್ಣದ ಹೋಳಿಗೆ ನೋಡಿದರು, ಅದರಿಂದ ಇಳಿಯುವ ತುಪ್ಪ ನೋಡಿದರು. ತಮ್ಮ ಜೇಬಿನಿಂದ ಸಂಜೆಯ ಗುಳಿಗೆಗಳ ಪಟ್ಟಿ ತೆಗೆದು ಅದನ್ನೂ ಒಮ್ಮೆ ನೋಡಿದರು.

"ತಂಗೀ, ಇದು ಯಾವ ಡಾಕ್ಟರು ಬರದು ಕೊಟ್ಟದ್ದವಾ? ನಾ ಹದಿನೈದು ವರ್ಷದಿಂದ ಬ್ಯಾರೇವ್ರ ಕಡೆ ಹೋಗಾಕ ಹತ್ತೇನಿ."

ಎಲ್ಲರೂ ನಕ್ಕರು, ಹುಡುಗಿಯೂ ನಕ್ಕಳು. ಆದರೆ ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ನೋಡುತ್ತ ಅಂದಳು. "ಚಿಗವ್ವಾ, ಹುಟ್ಟಿದ ಹಬ್ಬದ ದಿನ ನಾ ಡಬ್ಬಿ ತೆಗಿಯೂದಿಲ್ಲ. ನಾ ತಿಂದದ್ದನ್ನ ಎಲ್ಲಾರೂ ತಿನ್ನಬೇಕು. ನಮ್ಮವ್ವ ಇದ್ದಾಗ ಹಂಗ ಇತ್ತು."

ನಾನು ಹೂಂ ಅಂದೆ.

ಪಣತಿ

ಆ ಹೂಂ ಅಂದದ್ದನ್ನು ನಡೆಸಲು ಬಸ್‌ಸ್ಟ್ಯಾಂಡಿನ ಬೇಕರಿಗೆ ನೋಟುಬುಕ್ಕು ಹಿಡಿದು ಹೋದೆ. ಬೇಕರಿಯವರು ನನ್ನನ್ನು ಗುರುತಿಸಿದರು.

"ನಿಮ್ಮಕ್ಕಾರು ವರ್ಷಾ ಒಯ್ತಿದ್ರು. ಕೇಕಿನ ಮ್ಯಾಲ ಹೆಸರು ಮಾತ್ರ ಬರಸ್ತಿದ್ದಿಲ್ಲ. ಹೆಸರಿದ್ದ ತುಂಡಿಗೆ ಹುಡುಗ್ರು ಹೊಡದಾಡತಾರ ಅಂತಿದ್ರು."

ಈ ಕಾರಣ ನನಗೆ ಗೊತ್ತಿರಲಿಲ್ಲ. ಬರೆದುಕೊಂಡೆ.

ಅವರು ಹೇಳಿದ್ದು ಇಷ್ಟು. ಮೈದಾದಲ್ಲಿ ಜಿಗಿ ಇರುತ್ತದೆ, ಅದು ಗಾಳಿ ಹಿಡಿದುಕೊಂಡು ಏಳುತ್ತದೆ. ಬಾದಾಮಿಗೆ ಜಿಗಿ ಇಲ್ಲ, ಇರುವುದೆಲ್ಲ ಎಣ್ಣೆ. "ನಮ್ಮ ಬೇಕರ್‍ಯಾಗ ಬ್ಯಾಡ್ರಿ, ಇಲ್ಲಿ ಗಾಳಿಯೊಳಗೂ ಮೈದಾ ಐತಿ. ಮನ್ಯಾಗ ಮಾಡ್ರಿ. ನಾಕು ತತ್ತಿ ಒಡದು ಹಾಕ್ರಿ, ಏಳತೈತಿ."

ನಮ್ಮ ಮನೆಯಲ್ಲಿ ತತ್ತಿ ಹೊಸ್ತಿಲು ದಾಟುವುದಿಲ್ಲ. ಅವ್ವನಿಗೆ ಹೇಳಿ ನೋಡಿದೆ.

"ತತ್ತಿ ಇಲ್ಲದ ಏಳೂದಾದ್ರ ಏಳ್ಲಿ. ಇಲ್ಲಾಂದ್ರ ಮಲಕೊಂಡಿರ್ಲಿ" ಅಂದಳು.

ಮೊದಲನೆಯ ಸಲ ಮೈದಾ ಎಷ್ಟೋ ಅಷ್ಟೇ ತೂಕದ ಬಾದಾಮಿ ಹಿಟ್ಟು ಹಾಕಿದೆ. ಬೆಣ್ಣೆಯನ್ನೂ ಬಿಡಲಿಲ್ಲ. ಕುಕ್ಕರಿನಲ್ಲಿ ಉಪ್ಪು ಹರವಿ, ಅದರ ಮೇಲೆ ಪಾತ್ರೆಯಿಟ್ಟು ಐವತ್ತು ನಿಮಿಷ ಬೇಯಿಸಿದೆ. ಅಂಚು ನಿಂತಿತ್ತು, ನಡುವೆ ತಗ್ಗಾಗಿತ್ತು, ತಗ್ಗಿನಲ್ಲಿ ಎಣ್ಣೆ ನಿಂತಿತ್ತು. ಅವ್ವ ಬಗ್ಗಿ ನೋಡಿದಳು.

"ಇದು ಕೇಕಲ್ಲ, ಪಣತಿ. ಒಂದು ಬತ್ತಿ ಹಾಕು, ಉರೀತೈತಿ."

ಎರಡನೆಯ ಸಲ ಬೆಣ್ಣೆ ತೆಗೆದು ಅಕ್ಕಿ ಹಿಟ್ಟು ಹೆಚ್ಚು ಮಾಡಿದೆ. ಅದನ್ನು ಹುಡುಗಿ ಎರಡು ವಾರ ಬಾಗಿಲು ಬಡಿಯದಂತೆ ಅಡ್ಡ ಇಡಲು ಬಳಸಿದಳು.

ಮೂರನೆಯ ಸಲ ಅವ್ವ ನನ್ನನ್ನು ಸರಿಸಿ ತಾನೇ ಕುಳಿತಳು. ಹಿಡಿಯಲ್ಲಿ ಹಿಟ್ಟು ತೆಗೆದು ಹಾಕಿದಳು, ಹುಳಿ ಮೊಸರು ಸುರಿದಳು, ಚಿಟಿಕೆ ಸೋಡಾ ಹಾಕಿದಳು. ಅದು ಎದ್ದಿತು. ಬಹಳವಲ್ಲ, ಒಂದು ಬಟ್ಟು ದಪ್ಪ. ಆದರೆ ಎದ್ದಿತು.

"ಎಷ್ಟು ಹಾಕಿದಿ?" ಎಂದು ಕೇಳಿದೆ.

"ಸಾಕಾಗೂವಷ್ಟು."

ಇದನ್ನು ನೋಟುಬುಕ್ಕಿನಲ್ಲಿ ಬರೆಯಲು ಬರುವುದಿಲ್ಲ. ಆದ್ದರಿಂದ ಹಿಟ್ಟಿನ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು, ಅವ್ವನಿಂದ ಮೂರು ಸಲ ಹಿಡಿ ಹಿಟ್ಟು ತೆಗೆಸಿದೆ. ನಲವತ್ತೊಂದು ಗ್ರಾಂ, ಮೂವತ್ತೇಳು, ನಲವತ್ತೆರಡು. ಸರಾಸರಿ ನಲವತ್ತು ಎಂದು ಬರೆದೆ.

ಅವ್ವ ಕೈ ಝಾಡಿಸಿಕೊಂಡು ಎದ್ದಳು. "ಬಿಡ, ನನ್ನ ಕೈ ಈ ಸರತಿ ಪಾಸಾತು. ಮುಂದಿನ ಪರೀಕ್ಷಾ ಯಾವಾಗ ಐತಿ ಹೇಳು, ಉಗರಾ ತಗಸ್ತೇನಿ."

ಇಪ್ಪತ್ತು ಡಿಗ್ರಿ

ಹುಟ್ಟಿದ ಹಬ್ಬ ಬಂತು. ನಮ್ಮ ಕೇಕು ಒಂದು ಗೇಣು ಅಗಲ, ಒಂದು ಬಟ್ಟು ದಪ್ಪ. ಬರುವ ಮಕ್ಕಳು ಹನ್ನೆರಡು. ನನಗೆ ಧೈರ್ಯ ಸಾಲಲಿಲ್ಲ. ಹುಡುಗಿಗೆ ಹೇಳದೆ ಬೇಕರಿಯಲ್ಲಿ ಮಕ್ಕಳಿಗೆಂದು ಎರಡು ಕಿಲೋದ ಸಾಮಾನ್ಯ ಕೇಕು ಹೇಳಿಟ್ಟೆ. ಎಲ್ಲರೂ ಒಂದನ್ನೇ ತಿನ್ನಬೇಕು ಎಂಬ ಅವಳ ಮಾತು ನೆನಪಿತ್ತು. ಆದರೂ ಹೇಳಿಟ್ಟೆ. ಕಡಿಮೆ ಬಿದ್ದರೆ ಎಂಬ ಅಂಜಿಕೆ.

ಸಂಜೆ ನಾಲ್ಕಕ್ಕೆ ತರಲು ಹೊರಟಾಗ ಅವ್ವ ಕೇಳಿದಳು. "ಎಲ್ಲಿಗೆ?"

"ಇಲ್ಲೇ, ಬೇಕರಿಗೆ."

"ಹೋಗಬ್ಯಾಡ. ನಿನ್ನಿ ಬೇಕರಿಯವ್ರು ಬಾಗಲದಾಗ ಹಾದು ಹೊಂಟಿದ್ರು, ಬಾಯಿ ಬಿಟ್ರು. ನಾ ಬ್ಯಾಡಂತ ಹೇಳಿ ಕಳಿಸೇನಿ. ಈ ಮನ್ಯಾಗ ಇವತ್ತ ಎರಡು ಪಂಕ್ತಿ ಇಲ್ಲ."

"ಸಾಲೂದಿಲ್ಲ ಅವ್ವಾ."

"ಗಣಿತ ಟೀಚರಲ್ಲಾ ನೀ? ಸಾಲಸು."

ನೋಟುಬುಕ್ಕು ತೆಗೆದು ಎಣಿಸಿದೆ. ಮಕ್ಕಳು ಹನ್ನೆರಡು, ಮನೆಯವರು ಐದು, ಬಾಜೂ ಅಕ್ಕ ಒಂದು. ಒಟ್ಟು ಹದಿನೆಂಟು. ವೃತ್ತಕ್ಕೆ ಮುನ್ನೂರ ಅರವತ್ತು ಡಿಗ್ರಿ, ತಲೆಗೆ ಇಪ್ಪತ್ತು. ಸಾಲೆಯ ಚೀಲದಿಂದ ಮರದ ದೊಡ್ಡ ಕೋನಮಾಪಕ ತೆಗೆದು, ತೊಳೆದು, ಒರೆಸಿ ಕೇಕಿನ ಮೇಲೆ ಹಿಡಿದೆ. ಹನ್ನೆರಡೂ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ನನ್ನ ತರಗತಿಯಲ್ಲಿ ಇಷ್ಟು ಶಾಂತಿ ನಾನು ಎಂದೂ ಕಂಡಿಲ್ಲ.

ಅಷ್ಟರಲ್ಲಿ ಭಾವನವರು ನವಿಲುತೀರ್ಥದಿಂದ ಬಂದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಹೆಚ್ಚು ಮಾತಾಡುವವರಲ್ಲ. ನಾನು ಫೋನಿನಲ್ಲಿ ಹೇಳಿದ ಅಳತೆ ಬರೆದುಕೊಂಡು, ಕ್ವಾರ್ಟರ್ಸಿನಲ್ಲಿ ಬಾದಾಮಿ ಸಿಪ್ಪೆ ಸಮೇತ ಅರೆದು, ತಾವೇ ಒಂದು ಕೇಕು ಮಾಡಿದ್ದರು. ಮೊಸರು ಮರೆತಿದ್ದರು. ಸೋಡಾ ಮರೆತಿದ್ದರು. ಎರಡು ತಾಸು ಬೇಯಿಸಿದ್ದರು.

ನಾನು ಚಾಕು ಹಚ್ಚಿದೆ. ಚಾಕು ಮಣಿಯಿತು.

"ಡ್ಯಾಮಿಗೆ ಹಾಕಿದ್ದರಾಗ ಉಳದದ್ದೇನ್ರಿ ಅಳಿಯಂದ್ರ?" ಎಂದು ಅವ್ವ ಕೇಳಿದಳು. ಕಲ್ಲಿನ ಗುಂಡು ತಂದು ಒಂದು ಪೆಟ್ಟು ಹಾಕಿ ಒಡೆದಳು.

ಹುಡುಗಿ ಮೊದಲು ಅಪ್ಪನ ಕೇಕಿನ ಚೂರನ್ನೇ ಬಾಯಿಗೆ ಹಾಕಿಕೊಂಡಳು. "ಛಲೋ ಐತಿ ಅಪ್ಪಾ" ಅಂದಳು. ಆಮೇಲೆ ಐದು ನಿಮಿಷ ಏನೂ ಮಾತಾಡಲಿಲ್ಲ. ಅಗಿಯುತ್ತಿದ್ದಳು. ಭಾವನವರು ಅವಳ ದವಡೆಯನ್ನೇ ನೋಡುತ್ತ ನಿಂತಿದ್ದರು. ಅಕ್ಕ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ಬಾಯಿ ಖಾಲಿಯಾದ ಮೇಲೆ ಹುಡುಗಿ ನಮ್ಮ ಕೇಕಿನ ತಾಟು ಎತ್ತಿಕೊಂಡು ತಾನೇ ಬಡಿಸಲು ಹೊರಟಳು. ರಾಮದುರ್ಗದ ಬಡಿಸುವವನ ಹಾಗೆಯೇ, ಬೇಡ ಅಂದವರ ಕೈಯ ಮೇಲೂ ಇಟ್ಟಳು.

"ಇದರಾಗ ಗೋದಿ ಇಲ್ಲಂತ, ಹೌದೇನು?" ಎಂದು ಒಬ್ಬ ಹುಡುಗ ಅನುಮಾನದಿಂದ ಕೇಳಿದ. "ನಮಗ ಗೋದಿ ನಡೀತೈತಿ."

"ನಡೀತಿದ್ರ ಮನಿಗೆ ಹೋಗಿ ತಿನ್ನು. ಇಲ್ಲಿ ಇದ ಐತಿ" ಅಂದಳು. ಅವನು ತಿಂದ. ಆಮೇಲೆ ಇನ್ನೊಂದು ಕೇಳಿದ. ಇಪ್ಪತ್ತು ಡಿಗ್ರಿಯ ಮೇಲೆ ಯಾರಿಗೂ ಇಲ್ಲ ಎಂದು ನಾನು ಹೇಳಿದೆ.

ಎಲ್ಲರಿಗೂ ಕೊಟ್ಟಾದ ಮೇಲೆ ಹುಡುಗಿ ತಾಟು ಹಿಡಿದು ನನ್ನ ಮುಂದೆ ಬಂದಳು. ತಾಟಿನಲ್ಲಿ ಇನ್ನೂ ಒಂದು ತುಂಡು ಇತ್ತು.

"ಚಿಗವ್ವಾ, ನಿನ್ನ ಲೆಕ್ಕ ತಪ್ಪೈತಿ. ಹದಿನೇಳ ಮಂದಿ ಅದೇವಿ."

ನಾನು ನೋಟುಬುಕ್ಕು ನೋಡಿದೆ. ಮನೆಯವರು ಐದು ಎಂದು ನನ್ನ ಕೈಯಲ್ಲೇ ಬರೆದಿತ್ತು. ಅವ್ವ, ಭಾವ, ಹುಡುಗಿ, ನಾನು. ನಾಲ್ಕು. ಅಕ್ಕನನ್ನು ಕೂಡಿಸಿ ನಾವು ಮೊದಲಿನಿಂದಲೂ ಐದು. ಕೈ ಅದನ್ನೇ ಬರೆದಿತ್ತು.

ಅವ್ವ ನನ್ನ ಭುಜದ ಮೇಲಿಂದ ಪುಟ ನೋಡಿದಳು. ಅವಳಿಗೆ ಓದಲು ಬರುವುದು ಅಷ್ಟಕ್ಕಷ್ಟೆ. ಆದರೆ ಅಂಕಿ ತಿಳಿಯುತ್ತದೆ.

"ತಪ್ಪಿಲ್ಲ" ಅಂದಳು. "ಹಬ್ಬದಾಗ ಒಂದು ಪಾಲು ಆಕಳಿಗೆ ತಗದಿಡೂದು ಪದ್ಧತಿ. ಅದು ಹದಿನೆಂಟನೇದು."

"ನಮ್ಮ ಓಣ್ಯಾಗ ಆಕಳ ಎಲ್ಲೈತಿ ಆಯಿ?"

"ಇಲ್ಲ. ಆಕಳ ಬದ್ಲಿ ಎಮ್ಮಿ ಐತಿ."

"ಗೋದಿ ಬದ್ಲಿ ಬದಾಮಿ, ಆಕಳ ಬದ್ಲಿ ಎಮ್ಮಿ" ಎಂದು ಹುಡುಗಿ ಒಪ್ಪಿಕೊಂಡಳು. ಒಂದು ಕ್ಷಣ ತಾಟನ್ನು ನೋಡಿ, "ನಮ್ಮವ್ವಗ ಎಮ್ಮಿ ಹಾಲು ಭಾಳ ಸೇರತಿತ್ತು" ಅಂದಳು. ಬಾಜೂ ಅಕ್ಕನ ಕೈ ಹಿಡಿದುಕೊಂಡು ಹಿತ್ತಿಲಿಗೆ ಹೋದಳು. ಎಮ್ಮೆ ಇಪ್ಪತ್ತು ಡಿಗ್ರಿಯನ್ನು ಒಂದೇ ತುತ್ತಿಗೆ ಮುಗಿಸಿತು. ಭಾವನವರ ಕೇಕಿನಲ್ಲಿ ಉಳಿದದ್ದನ್ನೂ ನೀರಿನಲ್ಲಿ ನೆನೆಸಿ ಕೊಟ್ಟೆವು. ಅದನ್ನು ಎಮ್ಮೆ ನಿಧಾನವಾಗಿ ರಾತ್ರಿಯವರೆಗೂ ಮೆಲುಕು ಹಾಕಿತು.

ಮರುದಿನ ಮುಂಜಾನೆ ಬಾಜೂ ಅಕ್ಕ ಬಂದಳು. ಈ ಸಲ ತಂಬಿಗೆಯಲ್ಲ, ಬಿಂದಿಗೆ.

"ಟೀಚರ್, ಎಮ್ಮಿ ಬೆಳಗಿನಿಂದ ನಿಮ್ಮ ಬಾಗಲಾನ ನೋಡಾಕ ಹತ್ತೈತ್ರಿ. ಮೇವು ಮುಟ್ಟವಲ್ದು. ನಿಮ್ಮ ಮನ್ಯಾಗ ಇನ್ನ ಯಾರದ ಹುಟ್ಟಿದ ಹಬ್ಬ ಐತಿ?"

ನಾನು ಬಿಂದಿಗೆ ಇಳಿಸಿಕೊಳ್ಳುವಷ್ಟರಲ್ಲಿ ಹುಡುಗಿ ಸಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು.

"ನಮ್ಮಲ್ಲಿ ಸದ್ಯ ಯಾರದೂ ಇಲ್ರಿ ಅತ್ತಿ. ನಿಮ್ಮ ಎಮ್ಮಿ ಯಾವತ್ತ ಹುಟ್ಟೈತಿ ಹೇಳ್ರಿ. ಕೋನಮಾಪಕ ಚಿಗವ್ವನ ಕಡೆ ಐತಿ."